ವೆಬ್ ಕಂಪನಿ ಗೆಲ್ಲಲು ವೆಂಚರ್ ಕ್ಯಾಪಿಟಲ್ ಬೇಕೇ ಬೇಕಾ?

ವೆಂಚರ್ ಕ್ಯಾಪಿಟಲ್ ಅಂದರೆ ಹೊಸ ಕಂಪನಿಯಲ್ಲಿ ಪಾಲು ಪಡೆದು ಹೂಡಿಕೆ ಫಂಡ್‌ಗಳು ಹಾಕುವ ಹಣ. ಅದು ಬೇಕೇ ಬೇಕು ಅಂತೇನಿಲ್ಲ. ಬೆಂಗಳೂರಿನ ಜೆರೋಧಾವನ್ನೇ ನೋಡಿ. 2010ರಲ್ಲಿ ಶುರುವಾದ ಈ ಕಂಪನಿ ವೆಂಚರ್ ಕ್ಯಾಪಿಟಲ್ ಮುಟ್ಟದೆಯೇ ದೇಶದ ದೊಡ್ಡ ಷೇರು ಬ್ರೋಕರ್‌ಗಳ ಸಾಲಿಗೆ ಬಂತು. ಹೇಗೆ? ಗ್ರಾಹಕ ವ್ಯವಹಾರ ಮಾಡಿದಾಗಲೆಲ್ಲ 20 ರೂಪಾಯಿಯಂಥ ಸಣ್ಣ ಶುಲ್ಕ ಬರುತ್ತಿತ್ತು. ಸಾಫ್ಟ್‌ವೇರ್ ಒಮ್ಮೆ ಕಟ್ಟಿದ ಮೇಲೆ ಬಳಸುವವರು ಹತ್ತು ಪಟ್ಟಾದರೂ ಖರ್ಚು ಹತ್ತು ಪಟ್ಟಾಗುವುದಿಲ್ಲ, ಅಲ್ವಾ? ಹೀಗೆ ಬಂದ ಲಾಭವೇ ಬಂಡವಾಳವಾಯಿತು. ಚೆನ್ನೈನ ಸಾಫ್ಟ್‌ವೇರ್ ಕಂಪನಿ ಜೋಹೊ ಬೆಳೆದದ್ದೂ ಹೀಗೇ.

ಫ್ಲಿಪ್‌ಕಾರ್ಟ್ ಕಥೆ ಬೇರೆ. 2007ರಲ್ಲಿ ಪುಸ್ತಕ ಮಾರುತ್ತಾ ಶುರುವಾದರೂ ಮುಂದೆ ಗೋದಾಮು ಬೇಕಾಯಿತು, ಡೆಲಿವರಿ ಹುಡುಗರು ಬೇಕಾಯಿತು. ಲಾಭ ಕಾಣುವ ಮೊದಲೇ ಸುರಿಯಬೇಕಾದ ದುಡ್ಡು ಅದು. ಸ್ವಂತ ಜೇಬಿನಿಂದ ಆಗುವ ಮಾತಲ್ಲ. ಆದರೆ ಹೂಡಿಕೆ ಪುಕ್ಕಟೆ ಬರುವುದಿಲ್ಲ. ವೆಂಚರ್ ಫಂಡ್‌ಗಳು ಸಾಮಾನ್ಯವಾಗಿ ಹತ್ತು ವರ್ಷದೊಳಗೆ ತಮ್ಮ ಹೂಡಿಕೆದಾರರಿಗೆ ಹಣ ಮರಳಿಸಬೇಕು. ಹಾಗಾಗಿ ಕಂಪನಿ ಮಾರಾಟವಾಗಬೇಕು, ಇಲ್ಲವೇ ಐಪಿಒಗೆ ಹೋಗಬೇಕು, ಅಂದರೆ ಮೊದಲ ಬಾರಿ ಜನರಿಗೆ ಷೇರು ಮಾರಬೇಕು. 2018ರಲ್ಲಿ ಫ್ಲಿಪ್‌ಕಾರ್ಟ್‌ನ ಸುಮಾರು 77% ಪಾಲು ವಾಲ್‌ಮಾರ್ಟ್ ಕೈಸೇರಿತು.

ನಿಮ್ಮ ಗ್ರಾಹಕರು ಮೊದಲ ತಿಂಗಳಿಂದಲೇ ದುಡ್ಡು ಕೊಡುವಂತಿದ್ದರೆ, ಹೂಡಿಕೆದಾರರ ಹಿಂದೆ ಸುಮ್ನೆ ಆರು ತಿಂಗಳು ಅಲೆಯಬೇಡಿ. ಆ ಸಮಯವನ್ನು ಮೊದಲ ನೂರು ಗ್ರಾಹಕರನ್ನು ಹುಡುಕಲು ಕೊಡಿ.