ಕಾಂಬಿನೇಟೋರಿಕ್ಸ್ ಕಾನ್ಫರೆನ್ಸ್‌ಗಳಲ್ಲಿ ಲೆಕ್ಚರ್‌ಗಳೆಲ್ಲ ನಿಮಗೆ ಅರ್ಥವಾಗುತ್ತವಾ?

ಕಾಂಬಿನೇಟೋರಿಕ್ಸ್ (ಎಣಿಕೆ, ಜೋಡಣೆಗಳ ಗಣಿತ) ಕಾನ್ಫರೆನ್ಸ್‌ಗೆ ಮೊದಲ ಸಲ ಹೊರಟಿದ್ದೀರಿ, ಅರ್ಧಕ್ಕರ್ಧ ಅರ್ಥವಾಗದಿದ್ದರೆ ಹೋಗಿ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗುವುದಿಲ್ಲ. ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಗಂಟೆಯ ಲೆಕ್ಚರ್‌ನಲ್ಲಿ ಮೊದಲ ಇಪ್ಪತ್ತು ನಿಮಿಷ ಕೈಗೆ ಸಿಕ್ಕರೆ ಅದೇ ಜಾಸ್ತಿ. ಆಮೇಲಿನದ್ದು ಮುಂದಿನ ಸಾಲಿನ ನಾಲ್ಕು ಜನಕ್ಕೆ. ಉಳಿದವರೆಲ್ಲ ತಲೆಯಾಡಿಸುತ್ತಾ ಕೂತಿರುತ್ತೇವೆ.

ಆದರೆ ನಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ. ಪ್ರಮೇಯ ಎಷ್ಟೇ ದೊಡ್ಡದಿರಲಿ, ಅದರ ಮರಿಯನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದು ನೋಡಬಹುದು. 2019ರಲ್ಲಿ ಗಣಿತಜ್ಞ ಹಾವ್ ಹುವಾಂಗ್ ಅವರು ಸೆನ್ಸಿಟಿವಿಟಿ ಕಂಜೆಕ್ಚರ್ (ಕಂಪ್ಯೂಟರ್ ಸೈನ್ಸಿನಲ್ಲಿ ನಿಜವಿರಬೇಕೆಂದು ಊಹಿಸಿದ್ದ, ಆದರೆ ಯಾರೂ ಸಾಧಿಸಿರದ ಒಂದು ಹೇಳಿಕೆ) ಸಾಧಿಸಿದರಲ್ಲ, ಅದರ ಮೇಲಿನ ಒಂದು ಲೆಕ್ಚರ್‌ನಲ್ಲಿ ನಾನು ಮಾಡಿದ್ದು ಇಷ್ಟೇ: ಒಂದು ಕ್ಯೂಬ್ ಬರೆದೆ. ಎಂಟು ಮೂಲೆ. ಒಂದಕ್ಕೊಂದು ಗೆರೆ ತಾಗದ ಹಾಗೆ ನಾಲ್ಕು ಮೂಲೆ ಆರಿಸಬಹುದು. ಐದು ಆರಿಸಿದಿರೋ, ಹೇಗೇ ಆರಿಸಿ, ಅವುಗಳಲ್ಲಿ ಯಾವುದೋ ಒಂದಕ್ಕೆ ಕನಿಷ್ಠ ಇಬ್ಬರು ನೆರೆಯವರು (ಆರಿಸಿದ ಮೂಲೆಗಳಲ್ಲೇ ಗೆರೆಯಿಂದ ಅದಕ್ಕೆ ಸೇರಿದವು) ಸಿಕ್ಕೇ ಸಿಗುತ್ತಾರೆ. ನಾನು ಮೂರು ಸಲ ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಎನ್ ಆಯಾಮದ ಕ್ಯೂಬಿನಲ್ಲಿ ಅರ್ಧಕ್ಕಿಂತ ಒಂದೇ ಒಂದು ಮೂಲೆ ಜಾಸ್ತಿ ಆರಿಸಿದರೂ, ಯಾವುದೋ ಒಂದಕ್ಕೆ ಕನಿಷ್ಠ ಎನ್‌ನ ವರ್ಗಮೂಲದಷ್ಟು ನೆರೆಯವರು ಇರುತ್ತಾರೆ ಅನ್ನುವುದು ಪ್ರಮೇಯ. ಸುಮಾರು ಮೂವತ್ತು ವರ್ಷ ಬಗೆಹರಿಯದ ಕಂಜೆಕ್ಚರ್ ನಿಜವೆಂದು ಸಾಬೀತಾದದ್ದು ಇದರಿಂದ. ಸಾಧನೆಗೆ ಬೇಕಾದದ್ದು ಪ್ಲಸ್ ಒಂದು, ಮೈನಸ್ ಒಂದು, ಸೊನ್ನೆ ತುಂಬಿದ ಒಂದು ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಮತ್ತು ಪದವಿ ತರಗತಿಯ ಲೀನಿಯರ್ ಆಲ್ಜೀಬ್ರಾ. ಮುಖ್ಯ ಭಾಗ ಎರಡು ಪುಟ ದಾಟುವುದಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ನಿಮ್ಮದೇ ಟಾಕ್ ಇದ್ದರೆ ಈ ಮರಿ ಉದಾಹರಣೆಗಳನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ನನ್ನ ಮೊದಲ ಟಾಕ್ 20 ನಿಮಿಷದ್ದು, ಸ್ಲೈಡ್ 34. ತ್ರಿಕೋನಗಳಿಲ್ಲದ ಗ್ರಾಫ್‌ಗಳ (ಬಿಂದುಗಳು, ಅವನ್ನು ಸೇರಿಸುವ ಗೆರೆಗಳು) ಬಗ್ಗೆ ಒಂದು ಲೆಮ್ಮಾ, ಅಂದರೆ ಪ್ರಮೇಯಕ್ಕೆ ಬೇಕಾದ ಸಣ್ಣ ಮೆಟ್ಟಿಲು, ಹೇಳಿ ಓಡುತ್ತಿದ್ದೆ. ಕೊನೆಗೆ ಒಬ್ಬ ಹಿರಿಯರು ಕೈ ಎತ್ತಿ, ಬಹಳ ಮೆತ್ತಗೆ, 'ಐದು ಬಿಂದುಗಳ ಚಕ್ರಕ್ಕೂ ಇದು ಸರಿ ಹೋಗುತ್ತದಾ?' ಎಂದರು. ಬೋರ್ಡಿನ ಮೇಲೆ ಪಂಚಭುಜ ಬರೆದೆ. ಹೋಗಲಿಲ್ಲ. ತ್ರಿಕೋನವಿಲ್ಲ ಅಂದಮಾತ್ರಕ್ಕೆ ಗ್ರಾಫ್ ಬೈಪಾರ್ಟೈಟ್ (ಬಿಂದುಗಳನ್ನು ಎರಡು ಗುಂಪು ಮಾಡಿದರೆ ಗೆರೆಗಳೆಲ್ಲ ಒಂದು ಗುಂಪಿನಿಂದ ಇನ್ನೊಂದಕ್ಕೇ ಹೋಗುವಂಥದ್ದು) ಆಗಿಬಿಡುವುದಿಲ್ಲ ಅಲ್ವಾ, ನಾನು ಸಾಧನೆಯ ಮಧ್ಯದಲ್ಲಿ ಸುಮ್ನೆ ಹಾಗೆಂದುಕೊಂಡಿದ್ದೆ. ಕಿವಿ ಬಿಸಿಯಾಯಿತು. ಅದೇ ಸಂಜೆ ಅವರೇ ಬಂದು ಪಕ್ಕದಲ್ಲಿ ಕೂತು, ಬೆಸಸಂಖ್ಯೆಯ ಚಕ್ರಗಳೇ ಇಲ್ಲದ ಗ್ರಾಫ್‌ಗಳಿಗೆ ಲೆಮ್ಮಾ ಉಳಿಯುತ್ತದೆ ಅಂತ ತೋರಿಸಿದರು. ಪ್ರಮೇಯ ಸಣ್ಣದಾಯಿತು, ಆದರೆ ಉಳಿಯಿತು.

ಏಕಕಾಲಕ್ಕೆ ನಾಲ್ಕು ಕೋಣೆಯಲ್ಲಿ ಟಾಕ್ ಇದ್ದರೆ ಕೋಣೆಯಿಂದ ಕೋಣೆಗೆ ಓಡಬೇಡಿ, ಎಲ್ಲೂ ಏನೂ ಸಿಗುವುದಿಲ್ಲ. ಓಪನ್ ಪ್ರಾಬ್ಲಮ್ ಸೆಷನ್ (ಇನ್ನೂ ಬಗೆಹರಿಯದ ಪ್ರಶ್ನೆಗಳನ್ನು ಮುಂದಿಡುವ ಸಭೆ) ಇದ್ದರೆ ಮಾತ್ರ ತಪ್ಪಿಸಬೇಡಿ. ಊಟದ ಮೇಜನ್ನೂ. 1967ರಲ್ಲಿ ಜರ್ಮನಿಯ ಓಬರ್‌ವುಲ್ಫಾಕ್‌ನಲ್ಲಿ ನಡೆದ ಸಭೆಯಲ್ಲಿ ಗಣಿತಜ್ಞ ಗೆರ್ಹಾರ್ಡ್ ರಿಂಗೆಲ್ ಕೇಳಿದ ಪ್ರಶ್ನೆ ಊಟದ ಮೇಜಿನದ್ದೇ: ದುಂಡು ಮೇಜುಗಳಲ್ಲಿ ದಿನಾ ಜಾಗ ಬದಲಿಸಿ, ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಪಕ್ಕ ಸರಿಯಾಗಿ ಒಂದೇ ಸಲ ಕೂರುವ ಹಾಗೆ ಮಾಡಬಹುದಾ? ಏಳು ಜನ, ಒಂದೇ ಮೇಜು ಆದರೆ ಮೂರು ಊಟದಲ್ಲಿ ಮುಗಿಯುತ್ತದೆ. ಜನ ಬೆಸಸಂಖ್ಯೆಯಲ್ಲಿದ್ದು ತುಂಬಾ ಜಾಸ್ತಿಯಿದ್ದರೆ ಯಾವಾಗಲೂ ಆಗುತ್ತದೆ ಅಂತ ಈಗ ಸಾಧಿಸಿದ್ದಾರೆ, ನಡುವಿನ ಕೆಲವು ಸಂಖ್ಯೆಗಳು ಇನ್ನೂ ಬಾಕಿ. ಒಂಬತ್ತು ಜನ, ನಾಲ್ಕು ಕುರ್ಚಿಯ ಒಂದು ಮೇಜು, ಐದು ಕುರ್ಚಿಯ ಒಂದು ಮೇಜು ಆದರೆ ಆಗುವುದೇ ಇಲ್ಲ. ಯಾಕೆ ಅಂತ ಹೋಗುವ ದಾರಿಯಲ್ಲಿ ಬರೆದು ನೋಡಿ.