ಬೆರಳು ತೋರಿಸುತ್ತಾನೆ, ಮಾತಾಡುವುದಿಲ್ಲ

ಮಗನಿಗೆ ಎರಡು ವರ್ಷ ತುಂಬಿದೆ, ಆಡುವುದು ಹತ್ತೇ ಪದ, ಬೇಕಾದ್ದಕ್ಕೆಲ್ಲ ಬೆರಳು ತೋರಿಸುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬೆರಳು ತೋರಿಸಿದ ಕೂಡಲೇ ಎಲ್ಲ ಕೈಗೆ ಸಿಗುವುದು, ಊಟಕ್ಕೆ ಮೊಬೈಲ್, ಮಾತು ತಡವಾಗಲು ಇವೆರಡೂ ಸೇರಿರಬಹುದು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಇರುವುದು ಖಂಡಿತ ಕಾರಣ ಅಲ್ಲ. ಅಜ್ಜಿ ಕೊಂಕಣಿಯಲ್ಲೇ ಮಾತಾಡಲಿ. ಪದ ಎಣಿಸುವಾಗ ಎರಡೂ ಭಾಷೆಯದ್ದು ಸೇರಿಸಿ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕರೆದರೆ ತಿರುಗುತ್ತಾನಲ್ವಾ ಅಂತ ಬಿಡಬೇಡಿ. ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೆ ಸದ್ದು ಕೇಳುತ್ತದೆ, ಮಾತು ಮಾತ್ರ ಸ್ಪಷ್ಟ ಆಗುವುದಿಲ್ಲ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಮೇಲೆ ಮನೆಯಲ್ಲಿ. ಮೀನಿನವರು ಬಾಗಿಲಿಗೆ ಬಂದಾಗ ಅವನನ್ನು ಎತ್ತಿಕೊಂಡು ಹೋಗಿ ಬುಟ್ಟಿ ತೋರಿಸಿ. ಬೆರಳು ಮಾಡಿದರೆ "ಬಂಗಡೆ" ಅನ್ನಿ. ಆಮೇಲೆ ಸುಮ್ನೆ ಮುಖ ನೋಡುತ್ತ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಇದೇ ಕಷ್ಟದ ಭಾಗ, ನಮ್ಮ ಬಾಯಿ ಸುಮ್ಮನಿರುವುದಿಲ್ಲ. ಅವನು "ಬಂಡೆ" ಅಂದರೂ ಸಾಕು, ತಿದ್ದಬೇಡಿ. "ಹೌದು, ದೊಡ್ಡ ಬಂಗಡೆ" ಅಂತ ಒಂದು ಪದ ಸೇರಿಸಿ ಹೇಳಿ. ಸ್ನಾನ, ಬಟ್ಟೆ, ಊಟ, ಎಲ್ಲದರಲ್ಲೂ ಹೀಗೆಯೇ. "ಹೇಳು, ಹೇಳು" ಅಂತ ಒತ್ತಾಯ ಬೇಡ. ಊಟದ ಹೊತ್ತಿಗೆ ಮೊಬೈಲ್ ಪೂರ್ತಿ ಬಂದ್.

ಮಗುವನ್ನು ನೋಡದೆ ಇಷ್ಟೇ ಕಾರಣ ಅನ್ನಲಾರೆ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡು ಪದ ಜೋಡಿಸಿ ಹೇಳುವುದು ಬರಬೇಕು. ಹಾಗಾಗಿ "ಗಂಡುಮಕ್ಕಳು ತಡ" ಅನ್ನುವ ಮಾತು ಕೇಳಿ ಕೂರಬೇಡಿ, ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಹತ್ತಿರ ಯಾರೂ ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬರುತ್ತಿದ್ದ ಪದಗಳು ನಿಂತುಹೋಗಿದ್ದರೆ, ಕಣ್ಣು ಕೊಟ್ಟು ನೋಡದಿದ್ದರೆ ಈ ವಾರವೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.