ವರ್ಗ ಸಮೀಕರಣದ ಸೂತ್ರ ಎಲ್ಲಿಂದ ಬಂತು ಅಂತ ಮಗಳು ಕೇಳಿದರೆ

ಹತ್ತನೇ ಕ್ಲಾಸಿನ ಮಗಳಿಗೆ ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಆಗಿದೆ, ಆದರೆ ಅದು ಎಲ್ಲಿಂದ ಬಂತು ಅಂತ ಕೇಳುತ್ತಾಳೆ, ಏನು ಹೇಳಲಿ ಎಂದಿದ್ದೀರಿ. ದಯವಿಟ್ಟು 'ಪರೀಕ್ಷೆಗೆ ಅದೆಲ್ಲ ಬೇಡ' ಅಂತ ಮಾತ್ರ ಹೇಳಬೇಡಿ. ನಾನು ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಈ ಪಾಠದಲ್ಲಿ ಮೊದಲು ಬರೆಸುವುದು ಸೂತ್ರ ಅಲ್ಲ, ಚಿತ್ರ.

ಎಕ್ಸ್ ವರ್ಗ + 10 ಎಕ್ಸ್ = 39. ಸುಮಾರು 1200 ವರ್ಷದ ಹಿಂದೆ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞ ಬಿಡಿಸಿ ತೋರಿಸಿದ ಲೆಕ್ಕ ಇದು. ಚೌಕುಳಿ ಹಾಳೆಯ ಮೇಲೆ ಒಂದು ಚೌಕ ಬರೆಯಲಿ, ಬಾಹು ಎಕ್ಸ್. ಅದರ ವಿಸ್ತೀರ್ಣವೇ ಎಕ್ಸ್ ವರ್ಗ. 10 ಎಕ್ಸ್ ಅನ್ನುವುದನ್ನು ಎರಡು ಪಟ್ಟಿ ಮಾಡಿ, ಒಂದೊಂದರ ಅಗಲ 5, ಉದ್ದ ಎಕ್ಸ್. ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಗೆ ಅಂಟಿಸಿ. ಮೂಲೆಯಲ್ಲಿ ಒಂದು ಜಾಗ ಖಾಲಿ ಉಳಿಯುತ್ತದೆ, ಅಲ್ವಾ? ಅದು 5 ಗುಣಿಸು 5, ಅಂದರೆ 25. ಆ ಮೂಲೆ ತುಂಬಿದರೆ ಪೂರ್ತಿ ದೊಡ್ಡ ಚೌಕವಾಯಿತು. ವಿಸ್ತೀರ್ಣ 39 + 25 = 64. ಬಾಹು 8. ಎಕ್ಸ್ + 5 = 8, ಹಾಗಾಗಿ ಎಕ್ಸ್ = 3.

'ವರ್ಗ ಪೂರ್ಣಗೊಳಿಸುವುದು' ಅಂದರೆ ಆ ಖಾಲಿ ಮೂಲೆ ತುಂಬುವುದು, ಅಷ್ಟೇ. ಇದು ಕಣ್ಣಿಗೆ ಕಂಡ ಮಗು ಮತ್ತೆ ಮರೆಯುವುದಿಲ್ಲ. ಚಿತ್ರದಲ್ಲಿ ಕಾಣದ ಇನ್ನೊಂದು ಮೂಲವೂ (ಅಂದರೆ ಉತ್ತರವೂ) ಇದೆ: 64ರ ವರ್ಗಮೂಲ −8 ಕೂಡ ಹೌದು, ಆಗ ಎಕ್ಸ್ = −13. ಉದ್ದ, ವಯಸ್ಸು ಕೇಳುವ ಲೆಕ್ಕದಲ್ಲಿ ಇದನ್ನು ಬಿಡಬೇಕು. ಸುಮ್ನೆ ಸಮೀಕರಣ ಬಿಡಿಸಿ ಅಂದಾಗ ಎರಡನ್ನೂ ಬರೆಯಬೇಕು.

ಎಕ್ಸ್ ವರ್ಗದ ಹಿಂದೆ 2, 3 ಇದ್ದರೆ ಭಿನ್ನರಾಶಿ ಬಂದು ಮಕ್ಕಳಿಗೆ ಗಲಿಬಿಲಿ. ಅದಕ್ಕೆ ನಮ್ಮ ಹಳೆಯ ಗಣಿತಜ್ಞ ಶ್ರೀಧರಾಚಾರ್ಯರ ಉಪಾಯ ನನಗೆ ತುಂಬಾ ಇಷ್ಟ. ಅವರ ಬೀಜಗಣಿತದ ಪುಸ್ತಕ ಉಳಿದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಎತ್ತಿ ಬರೆದಿದ್ದರಿಂದ ಈ ನಿಯಮ ನಮಗೆ ಸಿಕ್ಕಿತು. ಎಕ್ಸ್ ವರ್ಗದ ಸಹಗುಣಕದ (ಅದರ ಹಿಂದಿರುವ ಅಂಕಿಯ) ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸಿ, ಆಮೇಲೆ ಎಕ್ಸ್‌ನ ಸಹಗುಣಕದ ವರ್ಗ ಕೂಡಿಸಿ.

2 ಎಕ್ಸ್ ವರ್ಗ + 5 ಎಕ್ಸ್ = 3 ತಗೊಳ್ಳಿ. 8ರಿಂದ ಗುಣಿಸಿದರೆ 16 ಎಕ್ಸ್ ವರ್ಗ + 40 ಎಕ್ಸ್ = 24. ಎರಡೂ ಕಡೆ 25 ಕೂಡಿಸಿ. ಎಡಗಡೆ (4 ಎಕ್ಸ್ + 5)ರ ವರ್ಗ, ಬಲಗಡೆ 49. ಹಾಗಾದರೆ 4 ಎಕ್ಸ್ + 5 ಅನ್ನುವುದು 7 ಅಥವಾ −7. ಎಕ್ಸ್ = 1/2 ಅಥವಾ −3. ಕೊನೆಯ ಭಾಗಾಕಾರದವರೆಗೂ ಭಿನ್ನರಾಶಿಯೇ ಇಲ್ಲ!

ಇದನ್ನೇ ಅಂಕಿಗಳ ಬದಲು ಎ, ಬಿ, ಸಿ ಇಟ್ಟು ಮಾಡಿಸಿ: ಎ ಎಕ್ಸ್ ವರ್ಗ + ಬಿ ಎಕ್ಸ್ + ಸಿ = 0 ಅನ್ನುವುದರಲ್ಲಿ ಮೊದಲು ಸಿಯನ್ನು ಬಲಗಡೆಗೆ −ಸಿ ಆಗಿ ಒಯ್ಯಲಿ. ಅವಳ ಬಾಯಿಪಾಠದ ಸೂತ್ರ ಅವಳ ಕೈಯಿಂದಲೇ ಬರುತ್ತದೆ.

ಮೊದಲು 3 ಎಕ್ಸ್ ವರ್ಗ + 7 ಎಕ್ಸ್ = 6 ಕೊಟ್ಟು ನೋಡಿ. 2/3 ಮತ್ತು −3 ಬರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಎಲ್ಲಿಯವರೆಗೆ ಬಂತು ಅಂತ ಬರೆಯಿರಿ, ಮುಂದಿನ ಹೆಜ್ಜೆ ಹೇಳುತ್ತೇನೆ.